ಬಲಗಡೆಯ ಜರಿಪಟ್ಟಿ

"ಗುರುಗಳೆ, ನಿಜ ಹೇಳುವುದಕ್ಕೂ ಹೊತ್ತುಗೊತ್ತು ಎಂಬುದು ಇದೆಯೆ?" ಎಂದು ಶಿಷ್ಯ ಕೇಳಿದ. "ನಿಜ ಎಂದ ಮೇಲೆ ಅದು ಎಲ್ಲ ಹೊತ್ತಿನಲ್ಲೂ ನಿಜವೇ. ಕಂಡ ಕೂಡಲೇ ಹೇಳಿಬಿಡುವುದು ಸರಿಯಲ್ಲವೆ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಕೊಂಡೋಜಿ ಎಂಬ ದರ್ಜಿ ಇದ್ದ. ಅವನ ಮನೆತನದವರು ತಲೆಮಾರುಗಳಿಂದ ಆ ಊರಿನ ದೇಸಾಯರ ವಾಡೆಗೆ ಬಟ್ಟೆ ಹೊಲಿದುಕೊಡುತ್ತಿದ್ದರು. ಅಂಗಿ, ಕುಪ್ಪಸ ಹೊಲಿಯುವವರು ಊರಿನಲ್ಲಿ ಬೇರೆಯವರೂ ಇದ್ದರು. ಜರಿಪಟ್ಟಿ ಹಾಕುವವನು ಕೊಂಡೋಜಿ ಒಬ್ಬನೇ. ಜರಿಯ ಎಳೆಗಳನ್ನು ಜಡೆಯ ಹಾಗೆ ಹೆಣೆದು ಮಾಡಿದ, ಕಿರುಬೆರಳಿನಷ್ಟು ಅಗಲದ ಪಟ್ಟಿ ಅದು. ಅದನ್ನು ಮಖಮಲ್ಲಿನ ಮೇಲೆ ಬಳ್ಳಿಯಂತೆ ಬಳುಕಿಸಿ, ಹೊಲಿಗೆ ಕಣ್ಣಿಗೆ ಬೀಳದ ಹಾಗೆ ಕೈಯಲ್ಲೇ ಹೊಲಿದು ಕೂರಿಸಬೇಕು. ನೇರ ಗೆರೆಯಾದರೆ ಯಾರು ಬೇಕಾದರೂ ಹೊಲಿದಾರು. ತಿರುವು ಬಂದಾಗ ಪಟ್ಟಿಯ ಹೊರ ಅಂಚು ಎಳೆದುಕೊಳ್ಳುತ್ತದೆ, ಒಳ ಅಂಚು ಸುಕ್ಕು ಬೀಳುತ್ತದೆ. ಆ ಸುಕ್ಕನ್ನು ಬೆರಳಿನಿಂದ ಒತ್ತಿ ಒತ್ತಿ ಹೊಲಿಗೆಯ ಒಳಗೇ ಅಡಗಿಸಬೇಕು. ಕೊಂಡೋಜಿ ಹಾಕಿದ ತಿರುವಿನಲ್ಲಿ ಸುಕ್ಕು ಎಂಬುದೇ ಇರುತ್ತಿರಲಿಲ್ಲ.

ಅವನಿಗೆ ಒಬ್ಬನೇ ಮಗ. ಮಗನಿಗೆ ಕೂತು ಮಾಡುವ ಕೆಲಸ ಒಗ್ಗಲಿಲ್ಲ. ಬಟ್ಟೆಯ ಗಂಟು ಕಟ್ಟಿಕೊಂಡು ಸಂತೆಯಿಂದ ಸಂತೆಗೆ ತಿರುಗಿ ಮಾರುತ್ತಿದ್ದ. ಮನೆಯಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಹೆಂಡತಿ ತೀರಿಕೊಂಡ ಮೇಲೆ ಕೊಂಡೋಜಿಗೆ ಹಗಲೆಲ್ಲ ಮಾತಿಗೆ ಇದ್ದವಳು ಸೊಸೆ ಒಬ್ಬಳೇ. ಅವಳ ಹೆಸರು ಭಾಗೂಬಾಯಿ.

ಆ ಮನೆಯ ಹೆಂಗಸರು ಅಸ್ತರು ಹಾಕುತ್ತಿದ್ದರು, ಗುಂಡಿ ಹಚ್ಚುತ್ತಿದ್ದರು, ಕಾಜಾ ಮಾಡುತ್ತಿದ್ದರು. ಜರಿ ಮುಟ್ಟುತ್ತಿರಲಿಲ್ಲ. ಮುಟ್ಟಬಾರದು ಎಂದು ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ. ಭಾಗೂಬಾಯಿಯೂ ಹಾಗೆಯೇ ನಡೆದುಕೊಂಡಳು.

ಕೆಲವು ವರ್ಷ ಕಳೆದ ಮೇಲೆ ಕೊಂಡೋಜಿಯ ಕಣ್ಣಿಗೆ ಪೊರೆ ಬರತೊಡಗಿತು. ಅವನು ಅದನ್ನು ಯಾರಿಗೂ ಹೇಳಲಿಲ್ಲ. ಈಗಿನ ಸೂಜಿಗಳ ಕಣ್ಣು ತೀರ ಸಣ್ಣ ಎಂದು ದೂರುತ್ತ, ದಾರ ಪೋಣಿಸಲು ಸೊಸೆಯನ್ನು ಕರೆಯುತ್ತಿದ್ದ. ಆಮೇಲೆ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುವುದಕ್ಕೂ ಕರೆದ. ಒಳಗೆ ಬೆಳಕು ಸಾಲದೆಂದು ಬಾಗಿಲ ಬಳಿಗೆ ಬಂದು ಕೂತ. ಅಲ್ಲಿಯೂ ಸಾಲದೆಂದು ಅಂಗಳಕ್ಕೆ ಇಳಿದ. ಭಾಗೂಬಾಯಿ ಗೆರೆ ಎಳೆದುಕೊಟ್ಟು ಪಕ್ಕದಲ್ಲೇ ಕೂತಿರುತ್ತಿದ್ದಳು. ನೋಡುತ್ತ ನೋಡುತ್ತ ಅವಳಿಗೆ ಆ ಕೆಲಸದ ಒಳಗುಟ್ಟು ತಿಳಿಯಿತು. ಮಾವ ಊಟ ಮಾಡಿ ಮಲಗಿದಾಗ ಹಳೆಯ ಬಟ್ಟೆಯ ತುಂಡಿನ ಮೇಲೆ ಪಟ್ಟಿಯ ಚೂರುಗಳನ್ನು ಇಟ್ಟು ಹೊಲಿಯುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಹೊಲಿಯುತ್ತಿದ್ದಳು. ಅದನ್ನು ಯಾರಿಗೂ ತೋರಿಸಲಿಲ್ಲ.

ಹೀಗಿರುವಾಗ ಹಿರಿಯ ದೇಸಾಯರು ತೀರಿಕೊಂಡರು. ವರ್ಷಾಂತಿಕ ಮುಗಿದ ಮೇಲೆ ಅವರ ಮಗ ಗಾದಿಯ ಮೇಲೆ ಕೂರುವುದೆಂದು ದಿನ ಗೊತ್ತಾಯಿತು. ವಾಡೆಯ ದೊಡ್ಡ ಪಡಸಾಲೆಯಲ್ಲಿ ಅವರ ಮುತ್ತಜ್ಜನ ಚಿತ್ರಪಟ ತೂಗುಹಾಕಿತ್ತು. ಕಡುಗೆಂಪು ಮಖಮಲ್ಲಿನ ನಿಲುವಂಗಿ ತೊಟ್ಟು, ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ನಿಂತ ಚಿತ್ರ. ಅಂಥ ಅಂಗಿ ತೊಡುವ ಕಾಲ ಹೋಗಿ ಬಹಳ ದಿನವಾಗಿತ್ತು. ಎಳೆಯ ದೇಸಾಯರಿಗೆ ಅದೇ ಬೇಕೆನಿಸಿತು. ಕೊಂಡೋಜಿಗೆ ಹೇಳಿಕಳಿಸಿದರು.

ಆ ಅಂಗಿಯ ಎದೆಯ ಎರಡು ಕಡೆಗೂ, ಕೊರಳಿನಿಂದ ಸೊಂಟದವರೆಗೆ, ಜರಿಪಟ್ಟಿ ಬಳುಕುತ್ತ ಇಳಿದಿತ್ತು. ಗುಂಡಿ ಹಾಕಿದಾಗ ಬಲಗಡೆಯ ಬಳುಕಿಗೆ ಎಡಗಡೆಯ ಬಳುಕು ಬಂದು ಕೂಡಿ, ಒಂದರ ಕೆಳಗೆ ಒಂದು ಮಾವಿನಕಾಯಿಯ ಆಕಾರ ಮೂಡುತ್ತಿತ್ತು. ಒಂದು ಕಡೆ ಸ್ವಲ್ಪ ಜಾರಿದರೂ ಕಾಯಿ ಕೂಡುವುದಿಲ್ಲ.

ಕೊಂಡೋಜಿ ಸೊಸೆಯನ್ನು ಕರೆದುಕೊಂಡು ಬಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತ. "ನೀನೂ ಸರಿಯಾಗಿ ನೋಡಿಕೊ, ಅವ್ವ" ಎಂದು ಸೊಸೆಗೆ ಹೇಳಿದ. ಅವನಿಗೆ ಅಲ್ಲಿ ಕೆಂಪು ಮಬ್ಬು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ ಎಂದು ಭಾಗೂಬಾಯಿಗೆ ಗೊತ್ತಿತ್ತು. ಅವಳು ನೋಡಿಕೊಂಡಳು.

ಬಟ್ಟೆ ಕತ್ತರಿಸುವಾಗ ಅವಳು ಗುರುತು ಹಾಕಿದಳು, ಅವನು ಕತ್ತರಿ ಆಡಿಸಿದ. ಅಂಗಿ ಹೊಲಿದಾಯಿತು. ಪಟ್ಟಿ ಹಾಕುವುದಷ್ಟೇ ಉಳಿಯಿತು. ಕೊಂಡೋಜಿ ಬಲಗಡೆಯಿಂದ ಶುರು ಮಾಡಿದ. ಮೊದಲೆಲ್ಲ ನಾಲ್ಕಾರು ದಿನಕ್ಕೆ ಮುಗಿಸುತ್ತಿದ್ದ ಕೆಲಸಕ್ಕೆ ಈಗ ವಾರಗಟ್ಟಲೆ ಹಿಡಿಯಿತು. ಗೆರೆ ಕಾಣದಿದ್ದಾಗ ಬೆರಳಿನಿಂದ ತಡವಿ ಅಂದಾಜಿನ ಮೇಲೆ ಹೊಲಿದ. ಪಕ್ಕದಲ್ಲಿ ಕೂತ ಭಾಗೂಬಾಯಿಗೆ ಪಟ್ಟಿ ಗೆರೆ ಬಿಟ್ಟು ಹೋಗುತ್ತಿರುವುದು ಕಾಣಿಸಿತು. ತಿರುವಿನಲ್ಲಿ ಸುಕ್ಕು ನಿಲ್ಲುತ್ತಿರುವುದೂ ಕಾಣಿಸಿತು. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು. ಅವನು ತಲೆ ಬಗ್ಗಿಸಿ, ತುಟಿ ಬಿಗಿಹಿಡಿದು ಹೊಲಿಯುತ್ತಿರುವುದನ್ನು ನೋಡಿ ಮುಚ್ಚಿದಳು.

ಬಲಗಡೆ ಮುಗಿಯಿತು ಎನ್ನುವಾಗ ಕೊಂಡೋಜಿಗೆ ಜ್ವರ ಬಂತು. ಹಾಸಿಗೆ ಹಿಡಿದ. ದೇಸಾಯರು ಅಂಗಿ ತೊಟ್ಟು ನೋಡುವ ದಿನ ಹತ್ತಿರ ಬಂದಿತ್ತು. ಅವನು ಸೊಸೆಯನ್ನು ಕರೆದು, "ಎಡಗಡೆ ನೀನೇ ಹಾಕು. ಹೇಗೆ ಎಂದು ಯೋಚನೆ ಮಾಡಬೇಡ. ನಾನು ಹಾಕಿದ್ದು ಕಣ್ಣ ಮುಂದೆ ಇದೆ. ಅದನ್ನೇ ನೋಡಿಕೊಂಡು ಹಾಕು" ಎಂದ. ಹಾಗೆ ಆ ಮನೆಯ ಹೆಂಗಸೊಬ್ಬಳು ಮೊದಲ ಸಲ ಅಪ್ಪಣೆ ಪಡೆದು ಜರಿ ಮುಟ್ಟಿದಳು.

ಭಾಗೂಬಾಯಿ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಳು. ಮಾವ ಹಾಕಿದ್ದನ್ನು ನೋಡಿಕೊಂಡು ಹಾಕಿದರೆ ಎರಡೂ ಕಡೆ ಸೊಟ್ಟಗಾಗುತ್ತದೆ. ಆದರೆ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ಗೆರೆ ನೋಡಿಕೊಂಡು ಹಾಕಿದರೆ ಎಡಗಡೆ ಸರಿಯಾಗುತ್ತದೆ, ಬಲಗಡೆಯ ಸೊಟ್ಟು ಎದ್ದು ಕಾಣುತ್ತದೆ. ಎಲ್ಲ ಬಿಚ್ಚಿ ತಾನೇ ಹಾಕೋಣವೆಂದರೆ ಅವನ ಅಪ್ಪಣೆಯಿಲ್ಲ. ಒಂದು ಹಗಲು ಸೂಜಿ ಹಿಡಿದು ಸುಮ್ಮನೆ ಕೂತಿದ್ದಳು. ಮಾರನೆಯ ದಿನ ಗೆರೆ ನೋಡಿಕೊಂಡು ಹಾಕತೊಡಗಿದಳು. ಸೊಟ್ಟ ಹಾಕಲು ಕೈ ಒಪ್ಪಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದು ನಿಜವೇ. ಆದರೆ ಇಷ್ಟು ದಿನ ಯಾರಿಗೂ ತೋರಿಸದೆ ಕಲಿತದ್ದನ್ನು ಒಂದು ಸಲ ನಾಲ್ಕು ಜನ ನೋಡಲಿ ಎಂಬ ಆಸೆಯೂ ಅವಳಿಗೆ ಇತ್ತು. ಅದನ್ನು ಹೇಳದಿದ್ದರೆ ಈ ಕತೆ ಹೇಳಿದಂತಾಗುವುದಿಲ್ಲ.

ಜ್ವರ ಬಿಟ್ಟಿತು. ಗೊತ್ತಾದ ದಿನ ಇಬ್ಬರೂ ಅಂಗಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ವಾಡೆಗೆ ಹೋದರು. ಕಾಯಿಲೆಯಿಂದ ಎದ್ದವನೆಂಬ ನೆಪದಲ್ಲಿ ಭಾಗೂಬಾಯಿ ಮಾವನ ತೋಳು ಹಿಡಿದುಕೊಂಡಿದ್ದಳು.

ದೇಸಾಯರು ಅಂಗಿ ತೊಟ್ಟರು. ಗುಂಡಿ ಹಾಕಿಕೊಂಡು ನಿಲುವುಗನ್ನಡಿಯ ಮುಂದೆ ನಿಂತರು. ವಾಡೆಯ ಕಾರಭಾರಿ, ಒಂದಿಬ್ಬರು ನೆಂಟರು, ಬಾಗಿಲ ಮರೆಯಲ್ಲಿ ಮನೆಯ ಹೆಂಗಸರು, ಎಲ್ಲರೂ ನೋಡುತ್ತಿದ್ದರು. ಮಾವಿನಕಾಯಿಗಳು ಕೂಡಿರಲಿಲ್ಲ. ಎಡಗಡೆಯ ಅರ್ಧ ಚಿತ್ರದಲ್ಲಿ ಇದ್ದ ಹಾಗೆಯೇ ಇತ್ತು. ಬಲಗಡೆಯ ಅರ್ಧ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಬಿದ್ದಿತ್ತು.

ದೇಸಾಯರು ಸಿಟ್ಟಿನ ಮನುಷ್ಯರಲ್ಲ. ಕೊಂಡೋಜಿ ಅವರನ್ನು ಕೂಸಾಗಿದ್ದಾಗಿನಿಂದ ಕಂಡವನು. ಅವರ ಹೆಸರಿಡುವ ದಿನದ ಕುಲಾವಿ ಟೋಪಿಗೂ ಅವನೇ ಪಟ್ಟಿ ಹಾಕಿದ್ದ. ಅವರು ಎಡಗಡೆಯ ಪಟ್ಟಿಯ ಮೇಲೆ ಕೈಯಾಡಿಸಿದರು.

"ಕೊಂಡೋಜಪ್ಪ, ಇದು ನಿನ್ನ ಕೈ ಎಂದು ಯಾರೂ ಹೇಳಬೇಕಾಗಿಲ್ಲ. ನಮ್ಮ ತಂದೆಯವರ ಮದುವೆಯ ಅಂಗಿಯಲ್ಲೂ ಇದೇ ಕೈ ನೋಡಿದ್ದೇನೆ. ಆದರೆ ಈ ಬಲಗಡೆಯನ್ನು ಯಾರಿಗೆ ಕೊಟ್ಟೆ?"

ಭಾಗೂಬಾಯಿ ಹಿಡಿದಿದ್ದ ಮಾವನ ತೋಳು ಒಮ್ಮೆ ಬಿಗಿಯಾಯಿತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ನೋಡುತ್ತಿದ್ದಾರೆ ಎಂಬುದು ಅವನಿಗೆ ಕಾಣುತ್ತಿರಲಿಲ್ಲ. ಗೊತ್ತಾಗುತ್ತಿತ್ತು.

"ಅದು ನಾನು ಹಾಕಿದ್ದು, ಧಣಿ" ಎಂದಳು ಭಾಗೂಬಾಯಿ.

ದೇಸಾಯರು ಅವಳ ಕಡೆ ತಿರುಗಿದರು. "ಕಲಿಯುವುದು ತಪ್ಪಲ್ಲ, ತಾಯಿ. ಕಲಿಯುವವರು ಹಳೆಯ ಬಟ್ಟೆಯ ಮೇಲೆ ಕಲಿಯಬೇಕು. ಇಂಥದರ ಮೇಲೆ ಅಲ್ಲ" ಎಂದರು. ಬಾಗಿಲ ಮರೆಯಲ್ಲಿ ಯಾರೋ ನಕ್ಕರು. "ಇದನ್ನು ಬಿಚ್ಚಿ ತೆಗೆಯಲಿ. ಬಲಗಡೆಯನ್ನೂ ಕೊಂಡೋಜಪ್ಪನೇ ಹಾಕಲಿ. ಗಾದಿಯ ದಿನಕ್ಕೆ ಇನ್ನೂ ಸಮಯವಿದೆ."

ಇಬ್ಬರೂ ಮನೆಯ ದಾರಿ ಹಿಡಿದರು. ಅವಮಾನವಾಯಿತೆಂದು ಭಾಗೂಬಾಯಿಗೆ ಅಳು ಬರಬೇಕಾಗಿತ್ತು. ಬರಲಿಲ್ಲ. ಮಾವನ ಮಾನ ಉಳಿಯಿತಲ್ಲ ಎಂಬ ಸಮಾಧಾನ ಅವಳಿಗಿತ್ತು. ಮನೆಗೆ ಹೋದ ಮೇಲೆ ಅವನು ಅಂಗಿಯನ್ನು ತನ್ನ ಕೈಗೇ ಕೊಡುತ್ತಾನೆ, ತಾನು ಎರಡು ದಿನದಲ್ಲಿ ಹಾಕಿ ಮುಗಿಸುತ್ತೇನೆ, ಆಡದೆಯೇ ಎಲ್ಲವೂ ಸರಿಹೋಗುತ್ತದೆ ಎಂದು ಎಣಿಸಿದಳು.

ಹಾಗಾಗಲಿಲ್ಲ. ಅವಳು ಬಲಗಡೆಯ ಪಟ್ಟಿಯನ್ನು ಬಿಚ್ಚಿದಳು. ಮಖಮಲ್ಲು ಮುನಿಸಿಕೊಳ್ಳುವ ಬಟ್ಟೆ. ಒಮ್ಮೆ ಸೂಜಿ ಹೋದ ಜಾಗವನ್ನು ಅಷ್ಟು ಬೇಗ ಮರೆಯುವುದಿಲ್ಲ. ನೀರು ಕುದಿಸಿ, ಹಬೆಗೆ ಹಿಡಿದು, ಮಲಗಿದ್ದ ನವಿರನ್ನು ಮೆಲ್ಲಗೆ ಎಬ್ಬಿಸಿದಳು. ಗುರುತು ಹೋಯಿತು. ಅಷ್ಟರಲ್ಲಿ ಕೊಂಡೋಜಿ ಅಂಗಳದಲ್ಲಿ ಕೂತು ಕೈ ಚಾಚಿದ.

"ಕೊಡು ಇಲ್ಲಿ. ನಾನು ಹಾಕುತ್ತೇನೆ."

ಅವಳು ಕೊಟ್ಟಳು. ಅವನು ಹೊಲಿಯುತ್ತ ಮಾತಾಡತೊಡಗಿದ. ತಿರುವಿನಲ್ಲಿ ನೀನು ಒಳ ಅಂಚನ್ನು ಹಿಡಿದುಕೊಂಡಿಲ್ಲ, ಅದಕ್ಕೇ ಸುಕ್ಕು ಬಿತ್ತು ಎಂದ. ಅವಸರ ಮಾಡಿದ್ದೀಯೆ ಎಂದ. ಭಾಗೂಬಾಯಿ ಮೊದಲು ತಾನು ಕೇಳಿದ್ದು ಸರಿಯೇ ಎಂದು ಅನುಮಾನಪಟ್ಟಳು. ಮರುದಿನವೂ ಅವನು ಅದನ್ನೇ ಹೇಳಿದ. ಎಡಗಡೆಯನ್ನು ನೋಡಿ ಕಲಿತುಕೊ, ಜ್ವರ ಬರುವ ಮೊದಲು ಹಾಕಿದ್ದು, ನನ್ನ ಕೈ ಆಗ ಗಟ್ಟಿಯಾಗಿತ್ತು ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಜ್ವರದ ದಿನಗಳು ಅವನ ತಲೆಯಲ್ಲಿ ಕಲಸಿಹೋಗಿದ್ದವು. ವಾಡೆಯಲ್ಲಿ ನಾಲ್ಕು ಜನರ ಮುಂದೆ ದೇಸಾಯರು ಹೇಳಿದ ಮಾತು ಅವನಿಗೆ ಬೇಕಾದ ಮಾತಾಗಿತ್ತು. ಅದಕ್ಕೆ ಸೊಸೆಯೇ ಸಾಕ್ಷಿ ನುಡಿದಿದ್ದಳು. ನಂಬಿದ.

ಅವಳು ತನ್ನ ಮೈಮೇಲೆ ಎಳೆದುಕೊಂಡ ಸುಳ್ಳು ಈಗ ಅವನೊಳಗೆ ನಿಜವಾಗಿ ಇಳಿದಿತ್ತು. ವಾಡೆಯಲ್ಲಿ ಬೈಸಿಕೊಂಡಾಗ ಆಗದ ನೋವು ಅವಳಿಗೆ ಈಗ ಆಯಿತು. ಅಂಗಳದಲ್ಲಿ ತಲೆ ಬಗ್ಗಿಸಿ ಕೂತು, ತಾನು ಮಾಡದ ತಪ್ಪಿಗೆ ಪಾಠ ಹೇಳಿಸಿಕೊಂಡಳು. ಒಂದೊಂದು ಸಲ ಎದ್ದು ಒಳಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತು ಬರುತ್ತಿದ್ದಳು. ಸಂತೆಯಿಂದ ಬಂದ ಗಂಡ, "ಅಪ್ಪ ಹೇಳುವುದನ್ನು ಸರಿಯಾಗಿ ಕೇಳಿಕೊ. ವಾಡೆಯಲ್ಲಿ ನಮ್ಮ ಮರ್ಯಾದೆ ಹೋಗಿದೆ" ಎಂದು ಹೇಳಿ ಮತ್ತೆ ಸಂತೆಗೆ ಹೋದ. ಅವನಿಗೂ ಅವಳು ಏನೂ ಹೇಳಲಿಲ್ಲ.

ಕೆಲಸ ಮುಗಿಯಿತು. ಕೊಂಡೋಜಿ ದಾರ ಕಡಿದು, ಅಂಗಿಯನ್ನು ಕೊಡವಿ, ಅವಳ ಮುಂದೆ ಹಿಡಿದ.

"ನೋಡಿ ಹೇಳು. ಈಗ ಸರಿಯಾಗಿದೆಯೆ?"

ಭಾಗೂಬಾಯಿ ನೋಡಿದಳು. ಮೊದಲಿನದಕ್ಕಿಂತ ಹೆಚ್ಚು ಸೊಟ್ಟಗಿತ್ತು. ಒಂದು ತಿರುವಿನಲ್ಲಿ ಪಟ್ಟಿ ಮಗುಚಿಕೊಂಡು ಬೆನ್ನು ಮೇಲಾಗಿತ್ತು. ಅಂಗಳದಲ್ಲಿ ಇಬ್ಬರೇ ಇದ್ದರು. ನಿಜವನ್ನು ಯಾರಿಂದ ಮುಚ್ಚಿಡಬೇಕೋ ಅಂಥವರು ಇರಲಿಲ್ಲ. ಸರಿಯಾಗಿದೆ ಎಂದರೆ ಅವನು ಇದನ್ನು ವಾಡೆಗೆ ಒಯ್ಯುತ್ತಾನೆ. ಅಲ್ಲಿ ಎಲ್ಲರೂ ನೋಡುತ್ತಾರೆ.

"ಇಲ್ಲ, ಮಾವಯ್ಯ" ಎಂದಳು.

ಕೊಂಡೋಜಿಯ ಮುಖ ಕೆಂಪಾಯಿತು. "ನಿನಗೇನು ತಿಳಿಯುತ್ತದೆ? ನೆಟ್ಟಗೆ ಒಂದು ತಿರುವು ಹಾಕಲು ಬಾರದವಳು ನೀನು" ಎಂದ.

ಅವಳು ಅವನ ಪಕ್ಕಕ್ಕೆ ಬಂದು ಕೂತಳು. ಮದುವೆಯಾಗಿ ಬಂದಂದಿನಿಂದ ಮಾವನ ತೋಳು ಹಿಡಿದು ನಡೆಸಿದ್ದಳೇ ಹೊರತು ಅವನ ಕೈಬೆರಳನ್ನು ಎಂದೂ ಮುಟ್ಟಿದವಳಲ್ಲ. ಅವನ ತೋರುಬೆರಳನ್ನು ಹಿಡಿದು ಎಡಗಡೆಯ ಪಟ್ಟಿಯ ಮೇಲೆ, ಕೊರಳಿನ ಹತ್ತಿರ ಇಟ್ಟಳು. ಕೊಂಡೋಜಿಯ ಬೆರಳು ತಾನಾಗಿಯೇ ಕೆಳಗೆ ಇಳಿಯಿತು. ತಿರುವಿನಲ್ಲಿ ತಿರುಗಿತು, ಬಳುಕಿನಲ್ಲಿ ಬಳುಕಿತು, ಎಲ್ಲಿಯೂ ತಡೆಯದೆ ಸೊಂಟದವರೆಗೆ ಬಂತು. ಅವಳು ಬೆರಳನ್ನು ಎತ್ತಿ ಬಲಗಡೆ ಇಟ್ಟಳು. ಅದು ಸ್ವಲ್ಪ ದೂರ ಹೋಗಿ ನಿಂತಿತು. ಮತ್ತೆ ಹೋಯಿತು, ಮತ್ತೆ ನಿಂತಿತು. ಪಟ್ಟಿ ಮಗುಚಿದ್ದ ಕಡೆ ಬಂದಾಗ ಬೆರಳು ಮುಂದೆ ಹೋಗಲೇ ಇಲ್ಲ.

ಕೊಂಡೋಜಿ ಬೆರಳನ್ನು ಅಲ್ಲಿಯೇ ಇಟ್ಟುಕೊಂಡು ಕೇಳಿದ.

"ಮೊದಲು ಬಿಚ್ಚಿ ತೆಗೆದದ್ದು?"

"ಅದೂ ನಿಮ್ಮದೇ, ಮಾವಯ್ಯ."

"ಎಡಗಡೆಯದು?"

"ನನ್ನದು."

"ಇದನ್ನು ಅವತ್ತೇ ಯಾಕೆ ಹೇಳಲಿಲ್ಲ?"

"ಅಲ್ಲಿ ಜನ ಇದ್ದರು."

ಆ ದಿನ ಕೊಂಡೋಜಿ ಊಟಕ್ಕೆ ಏಳಲಿಲ್ಲ. ಭಾಗೂಬಾಯಿ ತಟ್ಟೆ ತಂದಿಟ್ಟಳು. ಅದು ಹಾಗೆಯೇ ಆರಿತು. ತಾನು ಹೇಳಬಾರದಾಗಿತ್ತೇ ಎಂದು ಅವಳಿಗೆ ಅನಿಸಿತು. ಮೊದಲೇ ಹೇಳಬೇಕಾಗಿತ್ತೇ ಎಂದೂ ಅನಿಸಿತು. ಮಾವ ಹಾಕುವಾಗ ಪಕ್ಕದಲ್ಲಿ ಕೂತು ಕಂಡಾಗಲೇ ಒಂದು ಮಾತು ಹೇಳಿದ್ದರೆ ವಾಡೆಯವರೆಗೆ ಹೋಗುತ್ತಲೇ ಇರಲಿಲ್ಲ. ಹೇಳದೆ ಇದ್ದದ್ದು ಅವನ ಮೇಲಿನ ಕನಿಕರಕ್ಕೋ, ಅವನಿಗೆ ಹೆದರಿದ್ದಕ್ಕೋ, ತನ್ನ ಕೈಚಳಕ ಬೆಳಕಿಗೆ ಬರಲಿ ಎಂಬ ಆಸೆಗೋ, ಅವಳಿಗೆ ಬಿಡಿಸಿ ನೋಡಲಾಗಲಿಲ್ಲ.

ಮಾರನೆಯ ದಿನ ಬಿಸಿಲು ಏರುವ ಹೊತ್ತಿಗೆ ಕೊಂಡೋಜಿ ಅಂಗಳಕ್ಕೆ ಬಂದು ಕೂತು ಅಂಗಿ ಕೇಳಿದ. ಅವನೇ ಬಲಗಡೆಯ ಪಟ್ಟಿಯನ್ನು ಬಿಚ್ಚತೊಡಗಿದ. ಮಖಮಲ್ಲು ಆಗಲೇ ಎರಡು ಸಲ ಹೊಲಿಗೆ ತಿಂದಿತ್ತು. ಎಲ್ಲಾದರೂ ಒಂದು ಕಡೆ ಸೂಜಿಯ ಮೊನೆ ಎಳೆದರೆ ಬಟ್ಟೆ ಸೀಳುತ್ತದೆ. ಸೀಳಿದರೆ ಅಂಥ ಬಟ್ಟೆ ಮತ್ತೆ ಸಿಗುವುದಿಲ್ಲ. ತಾನು ಬಿಚ್ಚುತ್ತೇನೆ ಎಂದು ಭಾಗೂಬಾಯಿ ಕೈ ಮುಂದೆ ಮಾಡಿದಳು. ಅವನು ಕೊಡಲಿಲ್ಲ. ಉಗುರಿನಿಂದ ಒಂದೊಂದು ಹೊಲಿಗೆಯನ್ನು ಹುಡುಕಿ, ಎತ್ತಿ, ಕಡಿದು, ದಾರ ಎಳೆದು, ಪಕ್ಕಕ್ಕೆ ಇಡುತ್ತ ಹೋದ. ಹೊಲಿಯುವುದಕ್ಕೆ ಬೇಕಾದ ಕಣ್ಣು ಬಿಚ್ಚುವುದಕ್ಕೆ ಬೇಕಾಗಿರಲಿಲ್ಲ. ಬಟ್ಟೆಗೆ ಎಲ್ಲಿಯೂ ಏನೂ ಆಗಲಿಲ್ಲ.

ಪೂರ್ತಿ ಬಿಚ್ಚಿದ ಮೇಲೆ ಅಂಗಿಯನ್ನು ಸೊಸೆಯ ತೊಡೆಯ ಮೇಲೆ ಇಟ್ಟ. "ಹಾಕು" ಎಂದ.

ಅವಳು ಬಟ್ಟೆಯನ್ನು ಹಬೆಗೆ ಹಿಡಿದು ತಂದು, ಗೆರೆ ಎಳೆದು, ಹೊಲಿಯಲು ಕೂತಳು. ಕೊಂಡೋಜಿ ಎದುರಿಗೆ ಕೂತು ದಾರಕ್ಕೆ ಜೇನುಮೇಣ ಸವರಿ ಕೊಡುತ್ತಿದ್ದ. ತಿರುವು ಬಂದಾಗ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ. ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಆದರೆ ಕೆಲಸದ ಮಾತು ಬಹಳ ಇತ್ತು. ತನ್ನ ತಂದೆ ತನಗೆ ಹೇಳಿಕೊಟ್ಟದ್ದನ್ನು, ಮಗನಿಗೆ ಹೇಳಲು ಹೋಗಿ ಬಿಟ್ಟದ್ದನ್ನು ಅವಳಿಗೆ ಹೇಳಿದ. ಅವಳು ತನಗೆ ತಿಳಿಯದ್ದನ್ನು ಮೊದಲ ಸಲ ಬಾಯಿಬಿಟ್ಟು ಕೇಳಿದಳು.

ಗಾದಿ ಏರುವ ಹಿಂದಿನ ದಿನ ಇಬ್ಬರೂ ಅಂಗಿಯನ್ನು ವಾಡೆಗೆ ಒಯ್ದರು. ದೇಸಾಯರು ತೊಟ್ಟು ಗುಂಡಿ ಹಾಕಿಕೊಂಡರು. ಮಾವಿನಕಾಯಿಗಳು ಒಂದರ ಕೆಳಗೊಂದು ಕೂಡಿಕೊಂಡವು. ಅವರು ಮುತ್ತಜ್ಜನ ಚಿತ್ರದ ಪಕ್ಕದಲ್ಲಿ ಹೋಗಿ ನಿಂತರು. ನೆರೆದವರೆಲ್ಲ ತಲೆದೂಗಿದರು.

"ನೋಡಿದೆಯಾ, ತಾಯಿ" ಎಂದು ದೇಸಾಯರು ಭಾಗೂಬಾಯಿಗೆ ಹೇಳಿದರು. "ಕೊಂಡೋಜಪ್ಪನ ಕೈ ಎಂದರೆ ಇದು."

ಭಾಗೂಬಾಯಿ ಹೌದೆಂದು ತಲೆಯಾಡಿಸಿದಳು. ಅವಳ ಮಟ್ಟಿಗೆ ಅದು ಅಲ್ಲಿಗೆ ಮುಗಿದಿತ್ತು. ಅವಳ ಕೈಯಿಂದ ಕೊಂಡೋಜಿ ತನ್ನ ತೋಳು ಬಿಡಿಸಿಕೊಂಡ.

"ಧಣಿ, ಎರಡೂ ಕಡೆ ಹಾಕಿದವಳು ಇವಳು. ಮೊದಲು ಕೆಟ್ಟುಹೋಗಿದ್ದ ಬಲಗಡೆ ನನ್ನದು."

ದೇಸಾಯರು ನಕ್ಕರು. "ಅವತ್ತು ಎಲ್ಲರ ಮುಂದೆ ನಾನು ಸೊಸೆಗೆ ಹೇಳಿದ್ದು ನಿನ್ನ ಮನಸ್ಸಿಗೆ ಹತ್ತಿದೆ. ಅದಕ್ಕೆ ಹೀಗೆ ಹೇಳುತ್ತಿದ್ದೀಯೆ. ನಿನ್ನ ಕೈಯನ್ನು ನಾನು ಗುರುತಿಸಲಾರೆನೇ?"

"ನೀವು ನಗುತ್ತಿದ್ದೀರಿ ಎಂದು ದನಿಯಿಂದ ಗೊತ್ತಾಗುತ್ತದೆ, ಧಣಿ" ಎಂದ ಕೊಂಡೋಜಿ. "ನಿಮ್ಮ ಮುಖ ನನಗೆ ಕಾಣುವುದಿಲ್ಲ. ಕಾಣದೆ ಬಹಳ ದಿನವಾಯಿತು."

ದೇಸಾಯರು ಕೊಂಡೋಜಿಯ ಕಣ್ಣನ್ನು ನೋಡಿದರು. ಅಲ್ಲಿಯವರೆಗೆ ಅವರು ಅದನ್ನು ನೋಡಿರಲಿಲ್ಲ. ಎದೆಯ ಮೇಲಿನ ಪಟ್ಟಿಯನ್ನು ಮುಟ್ಟಲು ಎತ್ತಿದ ಕೈಯನ್ನು ಕೆಳಗಿಳಿಸಿದರು. ಭಾಗೂಬಾಯಿಗೆ ಏನಾದರೂ ಹೇಳಬೇಕೆಂದು ಅವಳ ಕಡೆ ತಿರುಗಿದರು. ಏನು ಹೇಳಬೇಕೆಂದು ತಿಳಿಯಲಿಲ್ಲ. ಕಾರಭಾರಿಯನ್ನು ಕರೆದು, ಇವರಿಗೆ ಉಡುಗೊರೆ ಕೊಟ್ಟು ಕಳಿಸಿ ಎಂದು ಒಳಗೆ ಹೋದರು.

ಮರುದಿನ ಆ ಅಂಗಿ ತೊಟ್ಟೇ ಗಾದಿಯ ಮೇಲೆ ಕೂತರು. ನೋಡಿದವರು ಬಹಳ ದಿನ ಅದರ ಮಾತಾಡಿದರು. ಆದರೆ ಆಮೇಲೆ ವಾಡೆಯಿಂದ ಕೊಂಡೋಜಿಯ ಮನೆಗೆ ಕರೆ ಬರಲಿಲ್ಲ. ದೇಸಾಯರಿಗೆ ಕೋಪವಿರಲಿಲ್ಲ. ಆ ಇಬ್ಬರನ್ನು ಎದುರಿಗೆ ಕಂಡರೆ ಮುಖ ಎಲ್ಲಿಡುವುದು ಎಂಬ ಸಂಕೋಚ. ಬೇರೆ ಊರಿನ ದರ್ಜಿಯಿಂದ ಬಟ್ಟೆ ಹೊಲಿಸಿಕೊಳ್ಳತೊಡಗಿದರು. ಕೊಂಡೋಜಿಯ ಮಗ ಸಂತೆಯಿಂದ ಬಂದು ವಿಷಯ ತಿಳಿದು ಸಿಟ್ಟಾದ. ಅಂಗಿ ಚೆನ್ನಾಗಿತ್ತು, ಅವರೂ ಒಪ್ಪಿದ್ದರು, ಬಾಯಿ ಮುಚ್ಚಿಕೊಂಡಿದ್ದರೆ ವಾಡೆಯ ಕೆಲಸ ಉಳಿಯುತ್ತಿತ್ತು ಎಂದ. ಅವನು ಹೇಳಿದ್ದು ಸುಳ್ಳಲ್ಲ. ಕೊಂಡೋಜಿ ಕೇಳಿಸಿಕೊಂಡ. ಭಾಗೂಬಾಯಿ ಗಂಡನಿಗೆ ಊಟ ಬಡಿಸಿದಳು.

ಕೆಲವು ದಿನ ಕಷ್ಟವಾಯಿತು. ಹೆಂಗಸು ಜರಿ ಹಾಕುತ್ತಾಳಂತೆ ಎಂದು ಕೆಲವರು ಹೊಸ್ತಿಲು ತುಳಿಯುವುದನ್ನು ಬಿಟ್ಟರು. ಹೆಂಗಸೇ ಹಾಕುತ್ತಾಳಂತೆ ಎಂದು ಕೆಲವರು ಬಂದರು. ಮದುವಣಗಿತ್ತಿಯ ಕುಪ್ಪಸಕ್ಕೆ, ದೇವರ ಪರದೆಗೆ ಪಟ್ಟಿ ಹಾಕಿಸಿಕೊಂಡು ಹೋಗುತ್ತಿದ್ದರು. ಬಂದವರಿಗೆ ಕೊಂಡೋಜಿ ತಾನೇ ಮುಂದಾಗಿ ಹೇಳುತ್ತಿದ್ದ: ನನಗೆ ಕಣ್ಣಿಲ್ಲ, ಇವಳನ್ನು ಕೇಳಿ. ಹಾಗೆ ಹೇಳುವಾಗ ಅವನ ದನಿಯಲ್ಲಿ ನಾಚಿಕೆ ಇರುತ್ತಿರಲಿಲ್ಲ ಎಂದು ಕೇಳಿದವರು ಹೇಳುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

"ವಾಡೆಯಲ್ಲಿ ಅವಳು ಹೇಳಿದ್ದು ಸುಳ್ಳು, ಅಂಗಳದಲ್ಲಿ ಹೇಳಿದ್ದು ನಿಜ" ಎಂದ ಶಿಷ್ಯ. "ಎರಡರಲ್ಲಿ ಯಾವುದು ಸರಿ, ಗುರುಗಳೆ?"

"ಎರಡರ ಭಾರವನ್ನೂ ಅವಳೇ ಹೊತ್ತಳು; ನೀನು ಕಂಡ ಕೂಡಲೇ ಹೇಳಿಬಿಡುವ ನಿಜದ ಭಾರವನ್ನು ಯಾರು ಹೊರಬೇಕು?" ಎಂದರು ಗುರುಗಳು.